ಅಣ್ಣನದೆಂದುಕೊಂಡಿದ್ದ ಪಹಣಿ

ನಮ್ಮ ಪಂಚಾಯಿತಿ ಗ್ರಂಥಾಲಯಕ್ಕೆ ಕಂಪ್ಯೂಟರ್ ಬಂದ ಮೇಲೆ, ಬಂದುಹೋಗುವವರ ಲೆಕ್ಕದಲ್ಲಿ ಒಂದು ಕಲಂ ಹೆಚ್ಚಿಸಬೇಕಾಯಿತು. ಅಲ್ಲಿಯವರೆಗೆ ನಾಲ್ಕೇ ಇದ್ದವು: ಪತ್ರಿಕೆ, ಪುಸ್ತಕ, ಪರೀಕ್ಷೆಗೆ ಓದುವವರು, ಮಕ್ಕಳು. ಐದನೆಯದಕ್ಕೆ ‘ಪಹಣಿ’ ಎಂದು ಬರೆದೆ. ನಾನು ಅಲ್ಲಿನ ಮೇಲ್ವಿಚಾರಕಿ. ಊರು ಸಾದಲಿ ಹೋಬಳಿಯದು. ಬಂದವರ ಲೆಕ್ಕ ಇಡುವುದು ನನ್ನ ಕೆಲಸದ ಭಾಗ. ಅವರು ಏಕೆ ಬಂದರು ಎಂದು ಬರೆದಿಡುವುದನ್ನು ಯಾರೂ ಕೇಳಿಲ್ಲ, ಅದು ನನ್ನ ಅಭ್ಯಾಸ.

ಯಾವ ಜಮೀನು ಯಾರ ಹೆಸರಿನಲ್ಲಿದೆ, ಎಷ್ಟಿದೆ, ಅದರಲ್ಲಿ ಏನು ಬೆಳೆದಿದೆ ಎಂದು ಹೇಳುವ ಒಂದು ಹಾಳೆ ಪಹಣಿ. ಹಿಂದೆ ಅದಕ್ಕಾಗಿ ಹೋಬಳಿ ಕಚೇರಿಯ ಮುಂದೆ ಸಾಲು ನಿಲ್ಲಬೇಕಿತ್ತು. ಈಗ ಸರ್ವೆ ನಂಬರ್ ಗೊತ್ತಿದ್ದರೆ ಸಾಕು, ಯಾರು ಬೇಕಾದರೂ ಯಾರ ಜಮೀನನ್ನು ಬೇಕಾದರೂ ಪರದೆಯ ಮೇಲೆ ನೋಡಬಹುದು. ಕೈಬರಹದ ಹಳೆಯ ದಾಖಲೆಗಳನ್ನೂ ಸ್ಕ್ಯಾನ್ ಮಾಡಿ ಹಾಕುತ್ತಿದ್ದಾರೆ. ಚಿಕ್ಕಬಳ್ಳಾಪುರದಲ್ಲಿ ನಮಗೆ ಒಂದು ದಿನದ ತರಬೇತಿ ಕೊಟ್ಟು, ಜನರಿಗೆ ಇದನ್ನು ತೋರಿಸಿಕೊಡಿ ಎಂದು ಹೇಳಿ ಕಳುಹಿಸಿದ್ದರು.

ತೋರಿಸಲು ಶುರುಮಾಡಿದ ಮೊದಲ ತಿಂಗಳಲ್ಲೇ ಒಂದು ವಿಷಯ ಗಮನಕ್ಕೆ ಬಂತು. ಬಂದವರಲ್ಲಿ ಹೆಚ್ಚಿನವರು ಮೊದಲು ಕೇಳುತ್ತಿದ್ದದ್ದು ತಮ್ಮ ನಂಬರನ್ನಲ್ಲ, ಪಕ್ಕದ ಹೊಲದವರದನ್ನು. ನಾನು ಪಹಣಿಯ ಕಲಮನ್ನು ಎರಡಾಗಿ ಸೀಳಿ, ಒಂದು ಕಡೆ ‘ತಮ್ಮದು ಮೊದಲು’, ಇನ್ನೊಂದು ಕಡೆ ‘ಬೇರೆಯವರದು ಮೊದಲು’ ಎಂದು ಗೀಟು ಹಾಕತೊಡಗಿದೆ. ಎರಡನೆಯ ಕಡೆ ಬೇಗ ಬೇಗ ತುಂಬುತ್ತಿತ್ತು. ಒಮ್ಮೆ ಮೇಲಿನ ಬೀದಿಯ ಮುದುಕರೊಬ್ಬರು ಸತತ ಮೂರು ದಿನ ಬಂದು ಕೆರೆ ಕೆಳಗಿನ ಜಮೀನುಗಳನ್ನೆಲ್ಲ ಒಂದೊಂದಾಗಿ ನೋಡಿದರು. ನಿಮ್ಮದನ್ನೂ ಒಮ್ಮೆ ನೋಡಿಬಿಡಿ ತಾತ ಎಂದೆ.

“ನಂದು ನಂಗೆ ಗೊತ್ತೇ ಐತಲ್ಲಮ್ಮ” ಎಂದರು. “ಗೊತ್ತಿಲ್ದಿದ್ದನ್ನ ತಾನೆ ನೋಡ್ಬೇಕು?”

ನಮ್ಮ ಮನೆಯಲ್ಲೂ ಎಲ್ಲರೂ ಹಾಗೆಯೇ ಅಂದುಕೊಂಡಿದ್ದರು. ಇಡೀ ಊರಿಗೆ ಪಹಣಿ ತೋರಿಸುತ್ತಿದ್ದ ನಾನೂ ನಮ್ಮದನ್ನು ಸರಿಯಾಗಿ ನೋಡಿರಲಿಲ್ಲ. ನಮ್ಮ ಜಮೀನು ನಾಲ್ಕು ಎಕರೆ ಚಿಲ್ಲರೆ, ಅದು ಅಣ್ಣನ ಹೆಸರಿನಲ್ಲಿದೆ. ನನಗೆ ತಿಳುವಳಿಕೆ ಬಂದಾಗಿನಿಂದ ಕೇಳಿಕೊಂಡು ಬಂದದ್ದು ಇಷ್ಟು. ಅದರಲ್ಲಿ ನೋಡುವುದೇನಿದೆ?

ಅಣ್ಣನ ಹೆಸರಿನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಮನೆಯಲ್ಲಿ ಹಿರಿಯ ಗಂಡುಮಕ್ಕಳಿಗೆ ಇರುವುದು ಎರಡೇ ಹೆಸರು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ. ಹಾಗಾಗಿ ಮುತ್ತಾತನ ಹೆಸರು ಅಪ್ಪನಿಗೆ ಬಂತು, ತಾತನ ಹೆಸರು ಅಣ್ಣನಿಗೆ ಬಂತು. ಆದರೆ ಸೊಸೆಯಾದವಳು ಮಾವನ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಆ ಹೆಸರು ಹಿಡಿದು ಮಗನನ್ನು ಗದರಿಸುವುದಂತೂ ದೂರದ ಮಾತು. ಅದಕ್ಕೆ ಅಮ್ಮ ಅವನನ್ನು ತೊಟ್ಟಿಲಲ್ಲಿದ್ದಾಗಿನಿಂದ ‘ತಾತಪ್ಪ’ ಎಂದೇ ಕರೆದರು. ಊರೂ ಹಾಗೆಯೇ ಕರೆಯಿತು. ಚಿಂತಾಮಣಿ ಮಾರುಕಟ್ಟೆಗೆ ಟೊಮೆಟೊ, ಬೀನ್ಸ್ ಸಾಗಿಸುವ ತನ್ನ ಗಾಡಿಯ ಹಿಂದೆಯೂ ಅವನು ಅದನ್ನೇ ಬರೆಸಿಕೊಂಡಿದ್ದಾನೆ. ನಿಜವಾದ ಹೆಸರು ಇರುವುದು ಶಾಲೆಯ ದಾಖಲೆಯಲ್ಲಿ, ಆಧಾರ್ ಕಾರ್ಡಿನಲ್ಲಿ ಮತ್ತು ನಾವು ನಂಬಿಕೊಂಡಿದ್ದಂತೆ ಪಹಣಿಯಲ್ಲಿ.

ಆ ನಾಲ್ಕು ಎಕರೆಯ ಪೂರ್ವದ ಕಡೆ ಒಂದು ಎಕರೆಯಲ್ಲಿ ಅತ್ತೆಯ ಹಿಪ್ಪುನೇರಳೆ ತೋಟ. ಅತ್ತೆ ಅಪ್ಪನ ತಂಗಿ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಗಂಡ ತೀರಿಕೊಂಡು ಊರಿಗೆ ವಾಪಸು ಬಂದವರು. ಬಂದ ವಾರವೇ ಅಪ್ಪ ಆ ಎಕರೆಯನ್ನು ತೋರಿಸಿ, ಇದರಲ್ಲಿ ಮಾಡ್ಕೊ ಎಂದರಂತೆ. ಮಾತಿನಲ್ಲಿ ಕೊಟ್ಟದ್ದು ಮಾತಿನಲ್ಲೇ ನಡೆದುಕೊಂಡು ಬಂದಿತ್ತು. ಅತ್ತೆ ಅಲ್ಲಿ ಸೊಪ್ಪು ಬೆಳೆದು, ತೋಟದ ತುದಿಯ ತಗಡಿನ ಶೀಟಿನ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಾರೆ. ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ತಾವೇ ಒಯ್ಯುತ್ತಾರೆ. ಯಾವ ಬೆಳೆ ಬಂತು, ಯಾವುದು ಕೈಕೊಟ್ಟಿತು ಎಂಬುದು ಅವರಿಗೆ ಬಾಯಿಪಾಠ. ಕೈಕೊಟ್ಟವೆಲ್ಲ ಬೇಸಿಗೆಯವು. ಶೀಟು ಕಾದು ನಾಲ್ಕನೇ ಜ್ವರ ಕಳೆದ ಹುಳು, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಇನ್ನೇನು ಗೂಡು ಕಟ್ಟಬೇಕಾದ ಹುಳು, ಸೊಪ್ಪು ಬಿಟ್ಟು ಸುಮ್ಮನೆ ಬಿದ್ದುಕೊಳ್ಳುತ್ತಿತ್ತು. ಅತ್ತೆ ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟುತ್ತಿದ್ದರು. ಶೀಟಿನ ಮೇಲೆ ತೆಂಗಿನಗರಿ ಹೊದಿಸುತ್ತಿದ್ದರು. ಆದರೂ ಒಂದು ಬೇಸಿಗೆ ಬಿಟ್ಟು ಒಂದು ಬೇಸಿಗೆ ಹುಳುವನ್ನು ತಿಪ್ಪೆಗೆ ಸುರಿಯಬೇಕಾಗುತ್ತಿತ್ತು.

ಕಳೆದ ವರ್ಷ ಹುಳು ಸಾಕಣೆ ಮನೆ ಕಟ್ಟಿಕೊಳ್ಳಲು ಸರ್ಕಾರದ ಸಹಾಯಧನಕ್ಕೆ ಅರ್ಜಿ ಕರೆದರು. ಇಟ್ಟಿಗೆ ಗೋಡೆ, ಎತ್ತರದ ಸೂರು, ಹುಳುವಿನ ಮೈಮೇಲೆ ಮೊಟ್ಟೆ ಇಡುವ ಊಜಿ ನೊಣ ಬಾರದಂತೆ ಬಲೆ. ಅತ್ತೆ ಅವರು ಕೊಟ್ಟ ಮನೆಯ ನಕ್ಷೆಯ ಹಾಳೆಯನ್ನು ಮಡಿಸಿ ದೇವರ ಗೂಡಿನ ಕುಂಕುಮದ ಡಬ್ಬಿಯ ಕೆಳಗೆ ಇಟ್ಟುಕೊಂಡಿದ್ದರು. ಅರ್ಜಿಗೆ ಬೇಕಾದದ್ದು ಅವರ ಹೆಸರಿನ ಪಹಣಿ. ಅಣ್ಣ ಹಿಂದುಮುಂದು ನೋಡಲಿಲ್ಲ. ಒಂದು ಎಕರೆಯನ್ನು ಅತ್ತೆಗೆ ದಾನಪತ್ರ ಮಾಡಿಕೊಡುತ್ತೇನೆ, ಅರ್ಜಿಯ ಗಡುವಾದ ಮಾರ್ಚ್ ಒಳಗೆ ಎಲ್ಲ ಮುಗಿಯುತ್ತದೆ ಎಂದ. ಅವನು ಹಾಗೆ ಒಪ್ಪಿದ್ದು ನನಗೆ ಸಂತೋಷವಾಯಿತು. ಅವನಿಗೂ ತನ್ನ ಬಗ್ಗೆ ಸಂತೋಷವಾಗಿತ್ತು. ಆ ವಾರ ಊಟಕ್ಕೆ ಕೂತಾಗಲೆಲ್ಲ ಅತ್ತೆ ಅವನಿಗೆ ಮೊದಲು ಬಡಿಸುತ್ತಿದ್ದರು.

ಪತ್ರಕ್ಕೆ ಬೇಕಾದ ದಾಖಲೆಗಳನ್ನು ಹೊಂದಿಸುವ ಕೆಲಸ ನನ್ನ ಪಾಲಿಗೆ ಬಂತು. ಜನವರಿಯ ಒಂದು ಸೋಮವಾರ, ಗ್ರಂಥಾಲಯದ ಬಾಗಿಲು ತೆಗೆಯುವ ಮೊದಲು ನಮ್ಮ ಸರ್ವೆ ನಂಬರ್ ಹಾಕಿದೆ. ಅಣ್ಣನ ಹೆಸರು, ಬಿನ್ ಅಪ್ಪನ ಹೆಸರು. ಬಿನ್ ಎಂದರೆ ಇಂಥವರ ಮಗ. ಸರಿಯಾಗಿಯೇ ಇತ್ತು. ಹೆಸರಿನ ಪಕ್ಕದಲ್ಲಿ, ಖಾತೆ ಅವನ ಹೆಸರಿಗೆ ಬದಲಾದ ಆದೇಶದ ಸಂಖ್ಯೆ ಮತ್ತು ವರ್ಷ ಇರುತ್ತದೆ. ಅದನ್ನು ಬರೆದುಕೊಳ್ಳಲು ಹೋಗಿ ನಿಂತೆ. ಆ ವರ್ಷ ಅಣ್ಣ ಹುಟ್ಟಿರಲಿಲ್ಲ. ಅಮ್ಮ ಈ ಮನೆಗೆ ಬಂದಿರಲಿಲ್ಲ. ಅತ್ತೆ ಕೂಡ ಹುಟ್ಟಿರಲಿಲ್ಲ. ಅಪ್ಪ ಆಗ ಚಿಕ್ಕ ಹುಡುಗ.

ಕಂಪ್ಯೂಟರಿಗೆ ಹಾಕುವಾಗ ಅಂಕಿ ತಪ್ಪಿರಬೇಕು ಎಂದುಕೊಂಡು, ಸ್ಕ್ಯಾನ್ ಮಾಡಿ ಹಾಕಿದ್ದ ಹಳೆಯ ಪುಸ್ತಕದಲ್ಲಿ ಆ ಸಂಖ್ಯೆಯನ್ನು ಹುಡುಕಿದೆ. ಶಾನುಭೋಗರ ಓರೆ ಅಕ್ಷರದಲ್ಲಿ ಅದು ಸಿಕ್ಕಿತು. ಮುತ್ತಾತನ ಜಮೀನು ತಾತನ ಹೆಸರಿಗೆ ಬದಲಾದ ಆದೇಶ ಅದು. ತಾತನ ಹೆಸರಿನ ಹಿಂದೆ ‘ದೊಡ್ಡ’ ಎಂದಿತ್ತು. ಅದೇ ಹೆಸರಿನ ದಾಯಾದಿ ತಮ್ಮನೊಬ್ಬ ಇದ್ದದ್ದರಿಂದ ಊರು ಇವರಿಗೆ ‘ದೊಡ್ಡ’ ಸೇರಿಸಿ, ಅವನಿಗೆ ‘ಚಿಕ್ಕ’ ಸೇರಿಸಿ ಕರೆಯುತ್ತಿತ್ತು. ದಾಖಲೆಗಳು ಕಂಪ್ಯೂಟರಿಗೆ ಹೋದಾಗ ‘ದೊಡ್ಡ’ ಬಿದ್ದುಹೋಗಿದೆ. ಉಳಿದದ್ದು ತಾತನ ಹೆಸರು, ಬಿನ್ ಮುತ್ತಾತನ ಹೆಸರು. ಓದುವುದಕ್ಕೆ ಅದೇ ಅಣ್ಣನ ಹೆಸರು, ಬಿನ್ ಅಪ್ಪನ ಹೆಸರು.

ನಮ್ಮ ಜಮೀನು ಎಂದೂ ಅಣ್ಣನ ಹೆಸರಿಗೆ ಬಂದೇ ಇರಲಿಲ್ಲ. ಇಪ್ಪತ್ತು ವರ್ಷಕ್ಕೂ ಹಿಂದೆ ತೀರಿಕೊಂಡ ತಾತನ ಹೆಸರಿನಲ್ಲೇ ಇತ್ತು. ಯಾರೂ ಮುಚ್ಚಿಟ್ಟಿರಲಿಲ್ಲ. ಊರಿನವರು ಯಾರು ಬೇಕಾದರೂ ನೋಡಬಹುದಾದ ಜಾಗದಲ್ಲಿ ಅದು ಹಾಗೆಯೇ ಕೂತಿತ್ತು.

ಇನ್ನೊಂದು ವಿಷಯ ಆಮೇಲೆ ಹೊಳೆಯಿತು. ಹಿಂದಿನ ವರ್ಷ ಪಹಣಿಗೆ ಆಧಾರ್ ಜೋಡಿಸಲು ಗ್ರಾಮ ಆಡಳಿತಾಧಿಕಾರಿ ಮನೆಮನೆಗೆ ಬಂದಿದ್ದರು. ಅಣ್ಣ ತನ್ನ ಕಾರ್ಡು ಕೊಟ್ಟು ಬೆರಳು ಒತ್ತಿದ್ದ. ಊರಿನಲ್ಲಿ ಎಷ್ಟೋ ಜನರದು ಇನಿಷಿಯಲ್ ಹೊಂದುವುದಿಲ್ಲ, ಅಕ್ಷರ ಹೊಂದುವುದಿಲ್ಲ ಎಂದು ವಾಪಸು ಬಂದಿದ್ದವು. ನಮ್ಮದು ಒಂದೇ ಏಟಿಗೆ ಕೂಡಿಕೊಂಡಿತ್ತು. ಅಣ್ಣ ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಂಡೂ ಇದ್ದ. ಹೀಗೆ ಸತ್ತ ತಾತನ ಜಮೀನಿಗೆ ಬದುಕಿರುವ ಮೊಮ್ಮಗನ ಬೆರಳಚ್ಚು ಸೇರಿತ್ತು.

ಸಂಜೆ ಮನೆಯಲ್ಲಿ ಹೇಳಿದೆ. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಎರಡನೆಯ ಸಲ, ಹಿಟ್ಟಿನ ಡಬ್ಬಿಯನ್ನು ಮುತ್ತಾತ, ಸಕ್ಕರೆಯದನ್ನು ತಾತ ಮಾಡಿ ಸಾಲಾಗಿ ಇಟ್ಟು ಹೇಳಿದ ಮೇಲೆ ಅಣ್ಣ ಗಟ್ಟಿಯಾಗಿ ನಕ್ಕ. ಅಪ್ಪ ನಗಲಿಲ್ಲ. ನನ್ನ ಫೋನನ್ನು ಈಸಿಕೊಂಡು ಆ ಹಳೆಯ ಪುಟವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು.

ಅಪ್ಪನಿಗೆ ಅದರಲ್ಲಿ ಕಂಡದ್ದು ಬೇರೆ. ತಾತ ತೀರಿಕೊಂಡ ವರ್ಷ ಖಾತೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅವರು ಕಚೇರಿಗೆ ಹೋಗಿದ್ದರು. ಆಗಷ್ಟೇ ಬಂದಿದ್ದ ಕಂಪ್ಯೂಟರ್ ಪಹಣಿಯಲ್ಲಿ ‘ದೊಡ್ಡ’ ಇಲ್ಲದ ಹೆಸರು ನೋಡಿ, ತಾತ ತಮ್ಮನ್ನು ದಾಟಿ ಮೊಮ್ಮಗನ ಹೆಸರಿಗೆ ಬರೆದುಬಿಟ್ಟಿದ್ದಾರೆ ಎಂದು ತಿಳಿದು ಮನೆಗೆ ಬಂದಿದ್ದರು. ನನ್ನ ಹೆಸರಿನವನಿಗೇ ನನ್ನ ಜಮೀನು ಎಂದು ತಾತ ಜಗುಲಿಯ ಮೇಲೆ ಕೂತು ಎಲ್ಲರಿಗೂ ಹೇಳುತ್ತಿದ್ದದ್ದೂ ಉಂಟು. ಹಾಗಾಗಿ ಅಪ್ಪನಿಗೆ ಅನುಮಾನವೇ ಬರಲಿಲ್ಲ. ತಮಗಾದ ನೋವನ್ನು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಆದರೆ ತಾತನ ವರ್ಷದ ಎಡೆ ಇಡುವಾಗ ಅಪ್ಪ ಕೈಮುಗಿದ ತಕ್ಷಣ ಎದ್ದುಹೋಗುತ್ತಿದ್ದದ್ದು ನನಗೆ ನೆನಪಿದೆ. ಕೂತು ತಾತನ ಮಾತು ಆಡುತ್ತಿದ್ದವರು ಅತ್ತೆ ಒಬ್ಬರೇ.

“ಅಂಗಾದ್ರೆ ಅವ್ರು ಏನೂ ಬರೆದೇ ಇರ್ಲಿಲ್ಲ” ಎಂದರು ಅಪ್ಪ, ಫೋನು ವಾಪಸು ಕೊಡುತ್ತ. ಆಮೇಲೆ ಎದ್ದು ಹೋಗಿ ಹಸುವಿಗೆ ಹುಲ್ಲು ಹಾಕಿದರು. ಅದಕ್ಕೆ ಅಮ್ಮ ಆಗಲೇ ಹುಲ್ಲು ಹಾಕಿ ಆಗಿತ್ತು.

ಅಣ್ಣ ಆಗಲೇ ಮುಂದಿನದನ್ನು ಯೋಚಿಸಿದ್ದ. ಮಾರನೆಯ ದಿನ ಸಂಜೆ ಅತ್ತೆಗೆ ಸೊಪ್ಪು ಕತ್ತರಿಸಿಕೊಡಲು ನಾವಿಬ್ಬರೂ ಶೀಟಿನ ಮನೆಗೆ ಹೋದಾಗ ಅದನ್ನು ಹೇಳಿದ. ಸರಿಯಾದ ದಾರಿ ಎಂದರೆ, ಸತ್ತವರ ಖಾತೆಯನ್ನು ವಾರಸುದಾರರಿಗೆ ಬದಲಾಯಿಸುವ ಪೌತಿ ಖಾತೆ. ಅದಕ್ಕೆ ವಂಶವೃಕ್ಷ ಬೇಕು, ತಕರಾರಿಗೆ ನೋಟಿಸು ಅಂಟಿಸಬೇಕು, ಅಪ್ಪ ಮತ್ತು ಇಬ್ಬರು ಅತ್ತೆಯರು ಮೂವರೂ ಒಪ್ಪಬೇಕು. ಗೌರಿಬಿದನೂರು ಕಡೆ ಇರುವ ಅಪ್ಪನ ಅಕ್ಕ ದೊಡ್ಡತ್ತೆ ಏನೆನ್ನುತ್ತಾರೋ ಯಾರಿಗೆ ಗೊತ್ತು? ಮಾರ್ಚ್ ದಾಟಿಹೋಗುತ್ತದೆ. ಸುಲಭದ ದಾರಿ ಇನ್ನೊಂದಿದೆ. ಯಾರಿಗೂ ಏನೂ ಹೇಳದೆ ಅವನು ಸಹಿ ಹಾಕಿಬಿಡುವುದು.

“ಹೆಸ್ರು ನಂದೇ. ಅಪ್ಪನ ಹೆಸ್ರೂ ನಮ್ಮಪ್ಪಂದೇ. ಆಧಾರ್ ಸೇರೈತೆ” ಎಂದ. “ಯಾವನ್ ಕೇಳ್ತಾನೆ ಅತ್ತೆ?”

ಅತ್ತೆ ತಟ್ಟೆಯ ಮೇಲೆ ಸೊಪ್ಪು ಹರಡುತ್ತಿದ್ದರು. ಹುಳು ಮೇಯುವ ಸದ್ದು ತುಂತುರು ಮಳೆಯ ಹಾಗೆ ಇತ್ತು. ನನಗೂ ಆ ಕ್ಷಣ ಅಣ್ಣ ಹೇಳಿದ್ದೇ ಸರಿ ಅನ್ನಿಸಿತು. ಅತ್ತೆಯ ಮನೆ ಏಳುತ್ತದೆ, ಯಾರಿಗೂ ನಷ್ಟವಿಲ್ಲ. ಮತ್ತೆ ಈ ಬೇಸಿಗೆಯನ್ನು ಅವರು ಈ ಶೀಟಿನ ಕೆಳಗೆ ಕಳೆಯಬೇಕಾಗುತ್ತದಲ್ಲ ಎಂದೂ ಅನ್ನಿಸಿತು.

“ಕೇಳೋರು ಯಾರೂ ಇಲ್ಲ ಕಣಪ್ಪ, ಆದ್ರೆ ನೋಡೋರು ಇದಾರಲ್ಲ” ಎಂದರು ಅತ್ತೆ. “ನಿನ್ನೆ ನಿನ್ ತಂಗಿ ನೋಡಿದ್ಲು. ನಾಳೆ ಅಕ್ಕನ ಮೊಮ್ಮಗ ನೋಡ್ತಾನೆ. ಆಗ ನನ್ ಮನೆ ಯಾರ್ ಜಮೀನಾಗೆ ಇರುತ್ತೆ?”

ಅಷ್ಟೊತ್ತಿಗೆ ನಾವು ನೆಲಗಟ್ಟು ಹಾಕಿಸಿರ್ತೀವಿ ಎಂದು ಅಣ್ಣ ಏನೋ ಹೇಳಹೊರಟ. ಅತ್ತೆ ಕೈಯಲ್ಲಿದ್ದ ಸೊಪ್ಪನ್ನು ಬುಟ್ಟಿಗೆ ಹಾಕಿದರು.

“ಇನ್ನೊಂದ್ ಮಾತು. ನಿನ್ ಹತ್ರ ಇಸ್ಕೊಂಡ್ರೆ ಅದು ನೀನು ಕೊಟ್ಟಿದ್ದು. ಇಷ್ಟು ದಿನ ಅಂಗೇ ಅನ್ಕೊಂಡು ನಿಂಗೆ ಮೊದ್ಲು ಬಡಿಸ್ತಿದ್ದೆ. ಈಗ ನೋಡಿದ್ರೆ ಜಮೀನು ನಮ್ಮಪ್ಪಂದು. ನಮ್ಮಪ್ಪಂದು ನಂಗೆ ನೀನ್ಯಾಕೆ ದಾನ ಮಾಡ್ಬೇಕೋ?”

ಅಣ್ಣನ ಮುಖ ಸಣ್ಣದಾಯಿತು. ಗಾಡಿ ತೊಳೆಯಬೇಕು ಎಂದು ಎದ್ದ. ಅತ್ತೆ ಹಿಂದಿನಿಂದ ಕೂಗಿ, ಊಟಕ್ಕೆ ಮೊದಲು ಬಡಿಸುವುದನ್ನೇನೂ ನಿಲ್ಲಿಸುವುದಿಲ್ಲ ಎಂದರು. ಅವನು ತಿರುಗಿ ನೋಡದೆ ಕೈ ಆಡಿಸಿದ. ಆ ವರ್ಷದ ಸಹಾಯಧನಕ್ಕೆ ಅತ್ತೆ ಅರ್ಜಿ ಹಾಕಲಿಲ್ಲ. ನಕ್ಷೆಯ ಹಾಳೆ ಕುಂಕುಮದ ಡಬ್ಬಿಯ ಕೆಳಗೇ ಉಳಿಯಿತು.

ಪೌತಿ ಖಾತೆಯ ಕೆಲಸ ಶುರುವಾದದ್ದು ಆಡಳಿತಾಧಿಕಾರಿಯ ಕಚೇರಿಯಲ್ಲಿ. ಅವರು ತಪ್ಪನ್ನು ಒಪ್ಪಿಕೊಳ್ಳಲಿಲ್ಲ, ನಿರಾಕರಿಸಲೂ ಇಲ್ಲ. ಹೆಸರು ಹೊಂದಿದರೆ ಪರದೆ ಹಸಿರಾಗುತ್ತದೆ, ಹಸಿರಾದರೆ ಮುಂದಿನ ಮನೆ ಎಂದರು. ನಿಮ್ಮ ತಾತ ನಮ್ಮ ಕಂಪ್ಯೂಟರಿನಲ್ಲಿ ಇನ್ನೂ ಗಟ್ಟಿಮುಟ್ಟಾಗಿದ್ದಾರೆ ಎಂದು ಅಪ್ಪನ ಕಡೆ ನೋಡಿ ನಕ್ಕರು. ಅಪ್ಪ ಈ ವಿಷಯಕ್ಕೆ ಮೊದಲ ಸಲ ನಕ್ಕು, ಇದ್ದಿದ್ದರೆ ನಿಮ್ಮನ್ನು ಇಷ್ಟು ಹೊತ್ತು ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ ಎಂದರು. ಅಣ್ಣನ ಆಧಾರ್ ಬಿಡಿಸಲು ಒಂದು ಅರ್ಜಿ, ವಂಶವೃಕ್ಷಕ್ಕೆ ಒಂದು ಅರ್ಜಿ. ತಾತನ ಮರಣ ಪ್ರಮಾಣಪತ್ರ ಅಮ್ಮನ ಟ್ರಂಕಿನಲ್ಲಿ ಮದುವೆ ಸೀರೆಯ ಮಡಿಕೆಯಲ್ಲಿತ್ತು. ಉಳಿದದ್ದು ದೊಡ್ಡತ್ತೆಯ ಒಪ್ಪಿಗೆ.

ದೊಡ್ಡತ್ತೆಯ ಊರು ವಿದುರಾಶ್ವತ್ಥದಿಂದ ಸ್ವಲ್ಪ ಒಳಗೆ. ಅಪ್ಪ ಮತ್ತು ನಾನು ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ, ಗೌರಿಬಿದನೂರಿನಲ್ಲಿ ಇನ್ನೊಮ್ಮೆ ಬದಲಿಸಿ ಹೋದೆವು. ಹೊರಡುವಾಗ ಅಣ್ಣ, ಅವರು ಪಾಲು ಕೇಳಿದರೆ ಏನು ಹೇಳುತ್ತೀರಿ ಎಂದು ಕೇಳಿದ್ದ. ಅಮ್ಮ ಚಿಂತಾಮಣಿ ಆಚೆಯ ತೆಲುಗು ಮನೆಯವರು. “ಪೋನೀಲೇರಾ, ವಾಳ್ಳ ನಾನ್ನದೇ ಕದಾ” ಎಂದುಬಿಟ್ಟರು. ಹೋಗಲಿ ಬಿಡೋ, ಅವರಪ್ಪನದೇ ಅಲ್ಲವೇ ಎಂದು.

ದೊಡ್ಡತ್ತೆ ಮೊದಲು ನಮಗೆ ಮುದ್ದೆ ಇಕ್ಕಿದರು. ಎಲ್ಲ ಕೇಳಿದ ಮೇಲೆ ಜಮೀನು ಬೇಡ ಎಂದರು. ಮಗ ಚೆನ್ನಾಗಿ ಮಾಡಿಕೊಂಡಿದ್ದಾನೆ, ನನಗೆ ಅದರ ಆಸೆಯಿಲ್ಲ ಎಂದರು. ಹಾಗಾದರೆ ಹಕ್ಕು ಬಿಟ್ಟುಕೊಡುವ ಪತ್ರವನ್ನೂ ಒಟ್ಟಿಗೇ ಮಾಡಿಬಿಡೋಣ ಎಂದು ಅಪ್ಪ ಹೇಳಿದಾಗ ತಲೆಯಾಡಿಸಿದರು.

“ಅದು ಆಮೇಲೆ. ಮೊದ್ಲು ನನ್ ಹೆಸ್ರು ಬರ್ಲಿ. ನಮ್ಮಪ್ಪನ ಜಮೀನಾಗೆ ಒಂದ್ ಸಲ ನನ್ ಹೆಸ್ರು ನೋಡ್ಬೇಕು. ನೋಡಿದ್ ಮೇಲೆ ಎಲ್ಲಿ ಕರುದ್ರೂ ಬಂದು ಸೈನ್ ಹಾಕ್ತೀನಿ.”

ನೋಟಿಸಿನ ಅವಧಿ ಮುಗಿದು ಮಳೆಗಾಲದ ಹೊತ್ತಿಗೆ ಖಾತೆ ಬದಲಾಯಿತು. ಪಹಣಿಯಲ್ಲಿ ಮೂರು ಹೆಸರು ಬಂದವು: ಅಪ್ಪ, ದೊಡ್ಡತ್ತೆ, ಅತ್ತೆ. ದೊಡ್ಡತ್ತೆಯ ಮೊಮ್ಮಗ ಅದನ್ನು ಫೋನಿನಲ್ಲಿ ತೆಗೆದುಕೊಟ್ಟನಂತೆ. ಅವರು ಅದನ್ನು ಅಕ್ಕಪಕ್ಕದ ಮನೆಗಳಿಗೆ ತೋರಿಸಿದರಂತೆ, ಹಾಲು ಹಾಕಲು ಹೋದಾಗ ಡೇರಿಯಲ್ಲೂ ತೋರಿಸಿದರಂತೆ. ಅಷ್ಟೂ ಸರಿ. ಆದರೆ ಸಹಿ ಹಾಕಲು ಬರಲಿಲ್ಲ. ಅಪ್ಪ ಫೋನು ಮಾಡಿದಾಗಲೆಲ್ಲ, ಇನ್ನೊಂದು ವಾರ ಇರಲಿ ಬಿಡೋ ತಮ್ಮ ಎನ್ನುತ್ತಿದ್ದರು. ದಸರೆ ಆಯಿತು, ದೀಪಾವಳಿ ಆಯಿತು. ಅತ್ತೆಯ ಎಕರೆ ಬೇರೆ ಪಹಣಿಯಾಗಿ ಒಡೆಯದೆ ಸಹಾಯಧನದ ಅರ್ಜಿ ಹಾಕುವಂತಿರಲಿಲ್ಲ. ನಾನು ದಿನಚರಿಯಲ್ಲಿ ವಾರಕ್ಕೊಮ್ಮೆ ‘ದೊಡ್ಡತ್ತೆ: ಇಲ್ಲ’ ಎಂದು ಬರೆಯುತ್ತಿದ್ದೆ. ಅಣ್ಣ ಊಟಕ್ಕೆ ಕೂತಾಗ ಅತ್ತೆಯ ಮುಖ ನೋಡಿ, ನಾನು ಹೇಳಿದ್ದೆನಲ್ಲ ಎಂಬಂತೆ ಹುಬ್ಬು ಏರಿಸುತ್ತಿದ್ದ. ಅತ್ತೆ ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿ ಬಾಯಿ ಮುಚ್ಚಿಸುತ್ತಿದ್ದರು. ಅಕ್ಕನಿಗೆ ಅವಸರ ಮಾಡಬೇಡಿ ಎಂದು ಅವರೇ ಅಪ್ಪನಿಗೆ ಹೇಳಿದ್ದರು. ನಾನಾದರೂ ಈ ಜಮೀನಿನಲ್ಲಿ ಇಷ್ಟು ವರ್ಷ ಕಾಲಿಟ್ಟಿದ್ದೇನೆ, ಅವಳು ಹೆಸರನ್ನಾದರೂ ನಾಲ್ಕು ದಿನ ಇಟ್ಟುಕೊಳ್ಳಲಿ ಎಂದರು.

ಸಂಕ್ರಾಂತಿ ಕಳೆದ ಮೇಲೆ ಅತ್ತೆಯ ಹುಳು ಹಣ್ಣಾಗುವ ಹೊತ್ತಿಗೆ ಕೂಲಿಯವರು ಸಿಗಲಿಲ್ಲ. ಹುಳು ಹಣ್ಣಾಗುವುದು ಎಂದರೆ ತಿನ್ನುವುದನ್ನು ಬಿಟ್ಟು, ಮೈ ಹಳದಿ ತಿರುಗಿ, ಗೂಡು ಕಟ್ಟಲು ಜಾಗ ಹುಡುಕುವುದು. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಸಿಕ್ಕಲ್ಲೇ ನೂಲು ಸುರಿಸಿಬಿಡುತ್ತವೆ. ಅತ್ತೆ ಬೇರೆ ದಾರಿಯಿಲ್ಲದೆ ಅಕ್ಕನಿಗೆ ಫೋನು ಮಾಡಿದರು. ಖಾತೆಯ ಮಾತು ಎತ್ತಲಿಲ್ಲ. ಕೈ ಸಾಲುತ್ತಿಲ್ಲ ಬಾ ಎಂದರು. ದೊಡ್ಡತ್ತೆ ಮಾರನೆಯ ಬೆಳಿಗ್ಗೆಯೇ ಬಂದರು.

ಆ ಜನವರಿ ಎಂದಿಗಿಂತ ಬೇಗ ಬಿಸಿಯಾಗಿತ್ತು. ಮಧ್ಯಾಹ್ನ ಶೀಟಿನ ಕೆಳಗೆ ನಿಂತರೆ ನೆತ್ತಿ ಸುಡುತ್ತಿತ್ತು. ನಾನೂ ಗ್ರಂಥಾಲಯದ ಬಿಡುವಿನಲ್ಲಿ ಹೋಗಿ ಹುಳು ಆರಿಸಿದೆ. ಅಕ್ಕ ತಂಗಿಯರು ಎದುರುಬದುರು ಕೂತು, ತಮ್ಮ ಅಪ್ಪ ಇದೇ ಜಾಗದಲ್ಲಿ ಅವರೆ ಹಾಕುತ್ತಿದ್ದದ್ದು, ಒಮ್ಮೆ ಕದ್ದು ಸೊಗಡವರೆ ಸುಟ್ಟು ತಿಂದು ಸಿಕ್ಕಿಬಿದ್ದದ್ದು ಹೇಳಿಕೊಂಡು ನಗುತ್ತಿದ್ದರು. ಎರಡನೆಯ ದಿನ ಮೂಲೆಯ ಎರಡು ತಟ್ಟೆಯ ಹುಳುಗಳು ಮೇಲೇಳಲಿಲ್ಲ. ಅತ್ತೆ ಅವನ್ನು ಬುಟ್ಟಿಗೆ ಬಗ್ಗಿಸಿ ತಿಪ್ಪೆಯ ಕಡೆ ಹೊರಟರು. ಇದು ರೂಢಿಯಾದ ಕೆಲಸ ಎಂಬುದು ಅವರು ಬುಟ್ಟಿ ಹಿಡಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ದೊಡ್ಡತ್ತೆ ಅವರು ಹೋಗುವುದನ್ನು ನೋಡಿದರು, ಆಮೇಲೆ ಕತ್ತೆತ್ತಿ ಶೀಟನ್ನು ನೋಡಿದರು.

“ನಾಳೆ ನಿಮ್ಮಪ್ಪಂಗೆ ಕೆಲ್ಸ ಐತೇನೇ?” ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ.

“ಅಂಗಾದ್ರೆ ಶಿಡ್ಲಘಟ್ಟಕ್ಕೆ ಹೋಗಣ. ಹೆಸ್ರು ನೋಡಿದ್ದಾಯ್ತು. ಹೆಸ್ರಿಂದ ಹುಳಕ್ಕೆ ನೆಳ್ಳಾಗಲ್ಲ.”

ಉಪನೋಂದಣಿ ಕಚೇರಿಗೆ ಎಡತಾಕುವುದು ಒಂದೇ ದಿನದಲ್ಲಿ ಮುಗಿಯುವ ಕೆಲಸವಲ್ಲ. ಸರ್ವೆಯವರು ಬಂದು ಅಳತೆ ಮಾಡಿ ನಕ್ಷೆ ಕೊಡಬೇಕಿತ್ತು. ಆದರೆ ದೊಡ್ಡತ್ತೆ ಈ ಸಲ ಊರಿಗೆ ಹೋಗದೆ ಅತ್ತೆಯ ಜೊತೆಗೇ ಉಳಿದರು. ಅಳತೆಯವರು ಬಂದ ದಿನ, ಪೂರ್ವದ ಬದು ಸೊಟ್ಟಗಿದೆ, ಪಕ್ಕದವರು ಒಂದಿಷ್ಟು ಒಳಗೆ ಬಂದಿದ್ದಾರೆ ಎಂದು ಹೇಳಿ ಹೋದರು. ಪತ್ರದ ದಿನ ದೊಡ್ಡತ್ತೆ ಎಲ್ಲ ಹಾಳೆಗಳಿಗೂ ಸಹಿ ಹಾಕಿದರು. ಒಂದು ಎಕರೆ ಅತ್ತೆಗೆ, ಉಳಿದದ್ದು ಅಪ್ಪನಿಗೆ. ಹೊರಗೆ ಬಂದು ಕಬ್ಬಿನಹಾಲು ಕುಡಿಯುವಾಗ, ಬಾವಿ ಪಕ್ಕದ ಹಲಸಿನ ಮರದಿಂದ ವರ್ಷಕ್ಕೆ ಎರಡು ಹಣ್ಣು ತಮಗೆ ಬರಬೇಕು ಎಂದರು. ಅದನ್ನೂ ಪತ್ರದಲ್ಲಿ ಸೇರಿಸಬಹುದಿತ್ತಲ್ಲ ದೊಡ್ಡತ್ತೆ ಎಂದು ಅಣ್ಣ ರೇಗಿಸಿದ. ಅದೊಂದು ಬಾಯಲ್ಲೇ ಇರಲಿ, ಎಲ್ಲ ಊರಿನವರಿಗೂ ಯಾಕೆ ಕಾಣಬೇಕು ಎಂದರು.

ಈ ವರ್ಷ ಫೆಬ್ರವರಿ ಕೊನೆಯ ವಾರದಲ್ಲಿ ಅತ್ತೆಯ ಹೆಸರಿನಲ್ಲಿ ಬೇರೆ ಪಹಣಿ ಬಂತು. ಅದೇ ಸರ್ವೆ ನಂಬರು, ಕೊನೆಯಲ್ಲಿ ಒಂದು ಹೊಸ ಅಂಕಿ. ಅಣ್ಣನ ಹೆಸರು ಈಗ ಯಾವ ಪಹಣಿಯಲ್ಲೂ ಇಲ್ಲ. ಅಪ್ಪ ಅವನಿಗೆ, ನಾನು ಇರುವಾಗಲೇ ನಿನ್ನ ಹೆಸರಿಗೆ ಮಾಡಿಸುತ್ತೇನೆ, ಮತ್ತೆ ಗೊಂದಲ ಬೇಡ ಎಂದಿದ್ದಾರೆ. ಅಣ್ಣನ ಹೆಂಡತಿಗೆ ಈಗ ಏಳನೇ ತಿಂಗಳು. ಪದ್ಧತಿಯಂತೆ ಗಂಡಾದರೆ ಅಪ್ಪನ ಹೆಸರು ಇಡಬೇಕು. ಆ ವಿಷಯ ಇನ್ನೂ ತೀರ್ಮಾನವಾಗಿಲ್ಲ.

ಅತ್ತೆ ಅರ್ಜಿ ಕೊಡಲು ಹೋದಾಗ ಪಹಣಿ ಎಲ್ಲಿ ಎಂದು ಕೇಳಿದರಂತೆ. ನಂಬರ್ ಹೇಳುತ್ತೇನೆ, ನಿಮ್ಮ ಕಂಪ್ಯೂಟರಿನಲ್ಲೇ ನೋಡಿಕೊಳ್ಳಿ, ಎಲ್ಲರಿಗೂ ಕಾಣುತ್ತದೆ ಎಂದರಂತೆ ಅತ್ತೆ. ಅವರು ನೋಡಿದರು, ಸರಿಯಾಗಿದೆ ಎಂದರು, ಆದರೂ ಒಂದು ಪ್ರಿಂಟು, ಎರಡು ಜೆರಾಕ್ಸ್ ತನ್ನಿ ಎಂದು ಕಳುಹಿಸಿದರು. ಅತ್ತೆ ಗೊಣಗುತ್ತಾ ಗ್ರಂಥಾಲಯಕ್ಕೆ ಬಂದರು. ಇಷ್ಟು ವರ್ಷಗಳಲ್ಲಿ ಅವರು ಒಳಗೆ ಬಂದದ್ದು ಅದೇ ಮೊದಲು.

“ನಂದು ತೆಗಿ” ಎಂದರು. ತೆಗೆದೆ. ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದ ಅವರು ಪರದೆಯ ಹತ್ತಿರ ಬಗ್ಗಿ, ತುಟಿ ಆಡಿಸುತ್ತಾ ಎರಡು ಸಲ ಓದಿದರು. ಪ್ರಿಂಟು ಬಂತು. ಅದನ್ನು ನಕ್ಷೆಯ ಹಳೆಯ ಹಾಳೆಯ ಜೊತೆ ಸೇರಿಸಿ ಚೀಲಕ್ಕೆ ಹಾಕಿಕೊಂಡರು. ಕುಂಕುಮದ ಡಬ್ಬಿಯ ಕೆಳಗಿದ್ದು ಇದ್ದು ಆ ಹಾಳೆಯ ಒಂದು ಮಡಿಕೆ ಕೆಂಪಾಗಿತ್ತು. ನಾನು ‘ತಮ್ಮದು ಮೊದಲು’ ಎಂಬ ಕಡೆ ಒಂದು ಗೀಟು ಹಾಕಿದೆ.

ಬಾಗಿಲವರೆಗೆ ಹೋದವರು ವಾಪಸು ಬಂದರು.

“ಅಂಗೇ ಆ ಪೂರ್ವದ ಬದುನವ್ರದ್ದೂ ಒಂಚೂರು ತೆಗಿಯಮ್ಮ” ಎಂದರು. “ಎಷ್ಟೈತೆ ಅಂತ ನೋಡಣ.”